ಡೈವೋರ್ಸ್ ಕೇಸಿನಲ್ಲಿ ‘ಗೆಲ್ಲುವುದು’ ಅಂದರೇನು?

ಕಪ್ಪುಕೋಟು:
22 ವರ್ಷದಿಂದ ಡೈವೋರ್ಸ್ ಕೇಸು ನಡೆಸುತ್ತಿದ್ದೇನೆ. ಬಂದವರೆಲ್ಲ ಮೊದಲ ದಿನ ಹೇಳುವುದು ಒಂದೇ ಮಾತು, ‘ಪಾಠ ಕಲಿಸಬೇಕು ಸಾರ್’. ಶುರುವಿನಲ್ಲಿ ನಾನೂ ಹುಮ್ಮಸ್ಸಿನಿಂದ ಕ್ರೌರ್ಯದ ಆರೋಪ ಹೊರಿಸಿ ನಲವತ್ತು ಪುಟದ ಅರ್ಜಿ ಬರೆಯುತ್ತಿದ್ದೆ. ಎದುರಿನವರು ಅದನ್ನು ಓದಿದರೆ ಮುಗಿಯಿತು, ಆಮೇಲೆ ರಾಜಿ ಮಾತೇ ಇಲ್ಲ. ಅಂಥ ಒಂದು ಅರ್ಜಿ ಎಷ್ಟೋ ವರ್ಷದ ಮೇಲೆ ಬೀರುವಿನಲ್ಲಿ ಮಗನ ಕೈಗೆ ಸಿಕ್ಕಿತಂತೆ. ತಾಯಿ ಬಗ್ಗೆ ನಾನು ಬರೆದಿದ್ದನ್ನು ಅವನು ಕೂತು ಓದಿದ್ದಾನೆ. ಈಗ ನಾನು ಮೊದಲು ಹೇಳುವುದು ಹಿಂದೂ ವಿವಾಹ ಕಾಯ್ದೆಯ 13ಬಿ. ಇಬ್ಬರೂ ಒಪ್ಪಿ ಅರ್ಜಿ ಹಾಕಿ. ಅದಕ್ಕೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು, ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಗೆಲ್ಲಿಸುವುದಕ್ಕಿಂತ ಬೇಗ ಬಿಡಿಸುವುದೇ ನಮ್ಮ ಕೆಲಸ ಅಂತ ನನಗನಿಸುತ್ತದೆ.

ನೇರಮಾತು:
‘ಬೇಗ ಬಿಡಿಸುವುದೇ ನಮ್ಮ ಕೆಲಸ’ ಅಂತೆ! ಡೇಟಿಗಿಷ್ಟು ಅಂತ ಫೀಸು ತಗೊಳ್ಳುವವರು ಬೇಗ ಯಾಕೆ ಬಿಡಿಸುತ್ತಾರೆ? 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 13 ಓದಿ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಕಾನೂನು ಮಾಡಿದವರಿಗೇ ನಿಮ್ಮ ಮೇಲೆ ನಂಬಿಕೆ ಇರಲಿಲ್ಲ.

ಸುಮಾ_ಓದು:
‘ಆರು ತಿಂಗಳು ಕಾಯಬೇಕು’? 22 ವರ್ಷ ಸರ್ವಿಸ್ ಅಂತೀರಿ, 2017ರಲ್ಲೇ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದೆ.

ಕಪ್ಪುಕೋಟು:
ತೆಗೆದುಹಾಕಿಲ್ಲ ಮೇಡಂ. ಬೇಕಾದರೆ ಜಡ್ಜ್ ಆ ಅವಧಿ ಬಿಟ್ಟುಕೊಡಬಹುದು ಅಂದಿದೆ, ಅಷ್ಟೇ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಸೋತಿರಬೇಕು, ಜೀವನಾಂಶ, ಮಕ್ಕಳ ವಿಷಯ ಇತ್ಯರ್ಥ ಆಗಿರಬೇಕು. ಆಮೇಲೂ ಕಾರಣ ಕೊಟ್ಟು ಕೇಳಿಕೊಳ್ಳಬೇಕು.

ಸುಮಾ_ಓದು:
‘ಅಷ್ಟೇ’ ಅಂತೆ! ಬಿಟ್ಟುಕೊಡಬಹುದು ಅಂದಮೇಲೆ ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲ ಅಂದಮೇಲೆ ತೆಗೆದ ಹಾಗೇ ಅಲ್ವಾ? ಸುಮ್ನೆ ಪದ ಹಿಡಿದು ಜಗ್ಗಬೇಡಿ.

ಹಳೇಗಂಡ:
ನನ್ನ ಕಥೆ ಕೇಳಿ. ನಮ್ಮದೂ 13ಬಿ. ಐದನೇ ತಿಂಗಳಲ್ಲಿ ಆಕೆ ಮನಸ್ಸು ಬದಲಿಸಿ ಒಪ್ಪಿಗೆ ವಾಪಸ್ ತಗೊಂಡಳು. ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆಗುವವರೆಗೂ ಹಾಗೆ ಮಾಡಬಹುದು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ, ಸುರೇಷ್ಟಾ ದೇವಿ ಕೇಸು. ಎಲ್ಲ ಮೊದಲಿಂದ ಶುರು. ಪಾಟೀ ಸವಾಲೂ ಆಯ್ತು. ಎಲ್ಲಿಯ ಬೇಗ?

ಸುಮಾ_ಓದು:
ಮನಸ್ಸು ಬದಲಿಸಿದ್ದು ಅಪರಾಧವಾ? ಆ ಆರು ತಿಂಗಳು ಇರುವುದೇ ಅದಕ್ಕೆ.

ನೇರಮಾತು:
ಒಂದು ನಿಮಿಷ. ಮೇಲೆ ‘ತೆಗೆದುಹಾಕಿದೆ’ ಅಂದಿರಿ. ಈಗ ‘ಇರುವುದೇ ಅದಕ್ಕೆ’ ಅಂತೀರಿ. ಇದೆಯೋ ಇಲ್ಲವೋ?

ಸುಮಾ_ಓದು:
ಮಾತು ತಿರುಚುವುದರಲ್ಲಿ ನೀವು ವಕೀಲರನ್ನೂ ಮೀರಿಸಿದಿರಿ. ನಾನು ಹೇಳಿದ್ದು ಕಾನೂನು, ಅವರಿಗೆ ಹೇಳಿದ್ದು ಮನುಷ್ಯತ್ವ. ಅರ್ಥ ಆಗದಿದ್ದರೆ ಬಿಡಿ.

ಹಳೇಗಂಡ:
ಮನುಷ್ಯತ್ವದ ಪಾಠ ನನಗಾ? ನಾಲ್ಕು ವರ್ಷ ಕೋರ್ಟ್ ಮೆಟ್ಟಿಲು ಹತ್ತಿದವನು ನಾನು. ನೀವಲ್ಲ!

ತಿಳಿನೀರು:
ಇದೆಲ್ಲ ಹಳೇ ಜಗಳ. 2023ರ ಮೇ 1ರಂದು ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ, ಸಂಬಂಧ ಪೂರ್ತಿ ಮುರಿದಿದ್ದರೆ ಡೈವೋರ್ಸ್ ಕೊಡಬಹುದು. ಕಾಯುವುದೂ ಬೇಡ, ಒಪ್ಪಿಗೆಯೂ ಬೇಡ.

ಕಪ್ಪುಕೋಟು:
ಸಾರ್, ಅದು ಸಂವಿಧಾನದ 142ನೇ ವಿಧಿ. ಸುಪ್ರೀಂ ಕೋರ್ಟ್‌ಗೆ ಮಾತ್ರ ಇರುವ ಅಧಿಕಾರ. ಫ್ಯಾಮಿಲಿ ಕೋರ್ಟ್ ಅದನ್ನು ಬಳಸುವ ಹಾಗಿಲ್ಲ. ನೇರ ಸುಪ್ರೀಂ ಕೋರ್ಟ್‌ಗೇ ರಿಟ್ ಹಾಕಿ ಡೈವೋರ್ಸ್ ಕೇಳುವ ಹಾಗೂ ಇಲ್ಲ, ಅದೇ ತೀರ್ಪಿನಲ್ಲಿದೆ. ಮುರಿದ ಮದುವೆಯನ್ನೇ ಒಂದು ಕಾರಣವಾಗಿ ಕಾಯ್ದೆಗೆ ಸೇರಿಸಿ ಅಂತ ಲಾ ಕಮಿಷನ್ 1978ರಲ್ಲೇ ಹೇಳಿತ್ತು. ಇನ್ನೂ ಸೇರಿಲ್ಲ.

ತಿಳಿನೀರು:
‘ಇನ್ನೂ ಸೇರಿಲ್ಲ’ ಅಂತ ನೀವೇ ಒಪ್ಪಿದಿರಲ್ಲ, ಅಂದಮೇಲೆ ತಪ್ಪು ಕಾಯ್ದೆಯದು. ನನ್ನ ಮಾತು ನಿಂತಿತು.

ಕಪ್ಪುಕೋಟು:
ನಿಮ್ಮ ಮಾತು ಅದಾಗಿರಲಿಲ್ಲ. ಇರಲಿ.

ನೇರಮಾತು:
ನನ್ನ ಸೆಕ್ಷನ್ 13ಕ್ಕೆ ಉತ್ತರ ಇಲ್ಲ. ಫೀಸಿಗೂ ಇಲ್ಲ. ಜಾಣ ಕಿವುಡು.

ಕಪ್ಪುಕೋಟು:
ಹಕ್ಕಲ್ಲ ಅಂದರೆ ನಿಷೇಧ ಅಲ್ಲ. ಕೋರ್ಟ್ ಅನುಮತಿ ಕೊಟ್ಟರೆ ಹಾಜರಾಗುತ್ತೇವೆ. ಇನ್ನು ಫೀಸು: 13ಬಿಗೆ ಒಟ್ಟು ಮೊತ್ತ ಒಂದೇ ಸಲ, ಕಾದಾಡುವ ಕೇಸಿಗೆ ಡೇಟಿಗಿಷ್ಟು.

ನೇರಮಾತು:
ಅಂದರೆ ಕಾದಾಡಿದರೆ ನಿಮಗೆ ಜಾಸ್ತಿ. ನಾನು ಕೇಳಿದ್ದು ಇಷ್ಟೇ.

ಕಪ್ಪುಕೋಟು:
ಜಾಸ್ತಿಯೇ. ಹಾಗಿದ್ದೂ ನಾನು 13ಬಿ ಹೇಳುತ್ತಿದ್ದೇನೆ, ಅದು ನಿಮ್ಮ ಲೆಕ್ಕಕ್ಕೆ ಬರಲಿಲ್ಲವಾ?

ಸುಮಾ_ಓದು:
ಫೀಸು ಆಮೇಲೆ. ಆರು ತಿಂಗಳು ಕಡ್ಡಾಯ ಅಲ್ಲ ಅಂತ ಮೊದಲು ಒಪ್ಪಿಕೊಳ್ಳಿ.