ಹೊರೆಯ ಲೆಕ್ಕಕ್ಕೆ ನಿಮ್ಮ ಮನೆ ನಿಯಮ ಏನು?

ಪ್ರಶ್ನೆ (ಕೋಥ್ರೂಡ್, ಪುಣೆ)

ನಾವು ಐದು ಜನ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಸಾಹಸಕಥೆ ಕಟ್ಟುವ ಆಟ. ಆಟ ನಡೆಸುವವಳು ನಾನು. ನಿಯಮ ಪುಸ್ತಕದ ಪ್ರಕಾರ ಸ್ಟ್ರೆಂತ್ (ಪಾತ್ರದ ದೇಹಬಲದ ಅಂಕ) ಎಷ್ಟಿದೆಯೋ ಅದರ 15 ಪಟ್ಟು ಪೌಂಡ್ ಹೊರಬಹುದು. ನಮ್ಮ ಫೈಟರ್‌ಗೆ, ಅಂದರೆ ಯೋಧನ ಪಾತ್ರಕ್ಕೆ, ಸ್ಟ್ರೆಂತ್ 16. ಅಂದರೆ 240 ಪೌಂಡ್, ಸುಮಾರು 109 ಕಿಲೋ! ಅಷ್ಟು ಹೊತ್ತರೂ ಅವನ ವೇಗ ಒಂದಿಷ್ಟೂ ಕಮ್ಮಿಯಾಗುವುದಿಲ್ಲ.

ಹೋದ ತಿಂಗಳು ನಾವೆಲ್ಲ ಪುಣೆ ಹತ್ತಿರದ ರಾಜಗಡ ಕೋಟೆ ಹತ್ತಿದೆವು. ನನ್ನ ಬೆನ್ನ ಮೇಲೆ ಬರೀ 11 ಕಿಲೋ. ಕೋಟೆಯ ಚೋರ್ ದರವಾಜಾ ಅನ್ನುವ ಬಾಗಿಲಿಗಿಂತ ಸ್ವಲ್ಪ ಕೆಳಗೆ, ಕಂಬಿ ಹಿಡಿದು ಹತ್ತುವ ಕಡೆ, ಗೆಳತಿಯ ಮೊಣಕೈ ತರಚಿತು. ಬ್ಯಾಂಡೇಜ್ ನನ್ನ ಚೀಲದ ತಳದಲ್ಲಿತ್ತು. ಚಾಪೆ, ಸ್ವೆಟರ್, ಚಪಾತಿ ಡಬ್ಬಿ ಎಲ್ಲ ಬಂಡೆ ಮೇಲೆ ಹರಡಿದ ಮೇಲೆ ಸಿಕ್ಕಿತು. ಅಷ್ಟು ಹೊತ್ತು ಅವಳು ಮೊಣಕೈ ಒತ್ತಿ ಹಿಡಿದು ನಿಂತಿದ್ದಳು. ಆಟದಲ್ಲಿ ಈ ಪರದಾಟ ಬರಬೇಕು ಅಂತ ನನಗೆ ತುಂಬಾ ಆಸೆ. ನೀವು ಹೇಗೆ ಮಾಡುತ್ತೀರಿ?

ಉತ್ತರ (ಮಾಟುಂಗಾ, ಮುಂಬೈ)

ಪೌಂಡ್ ಲೆಕ್ಕ ಬಿಟ್ಟುಬಿಡಿ. ಸ್ಟ್ರೆಂತ್ ಎಷ್ಟೋ ಸಾಮಾನಿಡೋಕೆ ಅಷ್ಟು ಖಾನೆ, ಕಡಿಮೆ ಅಂದರೂ ಹತ್ತು. ಹಾಗಾದರೆ ಬಡಕಲು ಮಾಂತ್ರಿಕ ವಿಝರ್ಡ್‌ಗೂ ಅನ್ಯಾಯ ಆಗಲ್ಲ. ಸಾಮಾನಿಗೊಂದು ಖಾನೆ. ಮೂರು ದಿನದ ಬುತ್ತಿಗೆ ಒಂದು. ಎರಡು ಕೈಯಲ್ಲಿ ಹಿಡಿಯುವ ಆಯುಧಕ್ಕೆ ಎರಡು. ಪುಸ್ತಕದಲ್ಲಿ 50 ನಾಣ್ಯ ಒಂದು ಪೌಂಡ್ ಅಲ್ವಾ, ನಾವು 250 ನಾಣ್ಯಕ್ಕೆ ಒಂದು ಖಾನೆ ಇಟ್ಟಿದ್ದೇವೆ. ಒಮ್ಮೆ 2,000 ನಾಣ್ಯ ಸಿಕ್ಕಿತು. ನಮ್ಮವರು ಹಗ್ಗ, ಬುತ್ತಿ ಎಸೆದು ನಾಣ್ಯ ತುಂಬಿಕೊಂಡರು. ವಾಪಸ್ ಬರುವಾಗ ಸೇತುವೆ ಕುಸಿದಿತ್ತು. ಆ ಅರ್ಧ ಗಂಟೆ ಯಾರೂ ಫೋನ್ ಮುಟ್ಟಲಿಲ್ಲ.

ಉತ್ತರ (ಮಡಗಾಂವ್)

ಅಕ್ಕಾ, 2014ರ ಪುಸ್ತಕದಲ್ಲೇ ಬೇಕಾದರೆ ಬಳಸುವ ಇನ್ನೊಂದು ನಿಯಮ ಇದೆ. ಸ್ಟ್ರೆಂತ್‌ನ 5 ಪಟ್ಟು ದಾಟಿದರೆ ವೇಗ 10 ಅಡಿ ಕಡಿಮೆ, 10 ಪಟ್ಟು ದಾಟಿದರೆ 20 ಅಡಿ. ನಿಮ್ಮ ಫೈಟರ್ 80 ಪೌಂಡ್ ದಾಟುತ್ತಲೇ ನಿಧಾನ ಆಗುತ್ತಾನೆ. ಚೈನ್ ಮೇಲ್ (ಲೋಹದ ಬಳೆಗಳ ಕವಚ) ಒಂದೇ 55 ಪೌಂಡ್. ನಾವು ನಾಲ್ಕು ವಾರ ಹಾಗೆ ಆಡಿ ಬಿಟ್ಟೆವು, ಕೂಡಿ ಕಳೆಯುವುದೇ ಜಾಸ್ತಿ ಆಯಿತು. ಖಾನೆಯೇ ಒಳ್ಳೆಯದು. ಜೊತೆಗೆ ಒಂದು ಹೇಸರಗತ್ತೆ ಕೊಳ್ಳೋಕೆ ಬಿಡಿ. ಬೆಲೆ 8 ಚಿನ್ನದ ನಾಣ್ಯ, 420 ಪೌಂಡ್ ಹೊರುತ್ತದೆ.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಥ್ಯಾಂಕ್ಸ್. ಈ ಭಾನುವಾರ ಖಾನೆ ಇಟ್ಟೇ ಆಡಿದೆವು. ಹಳೇ ಲಗ್ನಪತ್ರಿಕೆ ಕತ್ತರಿಸಿ ಸಾಮಾನಿಗೊಂದು ಚೀಟಿ ಮಾಡಿದೆ. ಸೊಂಟದ ಪಟ್ಟಿಗೆ ನಾಲ್ಕೇ ಚೀಟಿ, ಎದುರಿಗೆ ಬಿಚ್ಚಿಟ್ಟಿರಬೇಕು. ಉಳಿದದ್ದು ಚೀಲದಲ್ಲಿ. 2014ರ ಪುಸ್ತಕದಲ್ಲಿ ಚೀಲದಿಂದ ಔಷಧಿ ಸೀಸೆ ತೆಗೆಯೋಕೆ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕಿಲ್ಲ. ನಮ್ಮಲ್ಲಿ ಈಗ ಬೇಕು. ಫೈಟರ್ ಬಿದ್ದಾಗ ಕ್ಲೆರಿಕ್ (ಪುರೋಹಿತೆಯ ಪಾತ್ರ) ಆಡುವವಳು ಸೊಂಟದ ಚೀಟಿ ನೋಡಿದಳು: ಟಾರ್ಚ್, ಟಾರ್ಚ್, ಹಗ್ಗ, ಸುತ್ತಿಗೆ. ಸೀಸೆ ಚೀಲದಲ್ಲಿತ್ತು. ಒಂದು ಸುತ್ತು ಹುಡುಕಿದಳು, ಮುಂದಿನ ಸುತ್ತಿನಲ್ಲಿ ಕುಡಿಸಿದಳು. ಫೈಟರ್ ಉಳಿದ.

ಹೇಸರಗತ್ತೆ ಮುಂದಿನ ವಾರ ಬರುತ್ತದೆ. ಗುಹೆ ಹೊರಗೆ ಅದನ್ನು ಕಾಯುವವರು ಯಾರು ಅಂತ ಗುಂಪಿನಲ್ಲಿ ಈಗಲೇ ಜಗಳ ಶುರುವಾಗಿದೆ.