ನಾಗರಹಾವು: ಪ್ರೇಮಕಥೆನಾ, ದುರಂತನಾ?

ಕೋಟೆ ಹುಡುಗ (ಚಿತ್ರದುರ್ಗ):
ಪುಟ್ಟಣ್ಣ ಕಣಗಾಲ್ ಅವರ 1972ರ ನಾಗರಹಾವು ಮತ್ತೆ ನೋಡಿದೆ. ಇದು ಯಾವ ಬಗೆಯ ಸಿನಿಮಾ? ಪ್ರೇಮ ಇದೆ, ಹಠ ಇದೆ, ನಡುವೆ ಓಬವ್ವನ ಹಾಡು ಬೇರೆ. ಆ ಹಾಡು ಕಥೆಗೆ ಬೇಕಿತ್ತಾ?

ಬೆಣ್ಣೆದೋಸೆ (ದಾವಣಗೆರೆ):
ನನಗಂತೂ ಇದು ಗುರು ಶಿಷ್ಯರ ದುರಂತ ಗುರುವೇ. ಚಾಮಯ್ಯ ಮೇಷ್ಟ್ರು ಕೇಳಿದರು ಅಂತ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನೇ ಬಿಟ್ಟುಕೊಡುತ್ತಾನೆ, ಅಲ್ಲಿಂದ ಎಲ್ಲ ಕೆಡುತ್ತದೆ. ಮೇಷ್ಟ್ರು ಒಳ್ಳೆಯವರೇ, ಆದರೆ ಜಾತಿ ವಿಷಯ ಬಂದಾಗ ಊರಿನ ಪರವೇ ನಿಂತರು ಅಲ್ವಾ? ಮುಂದೆ ಮಾರ್ಗರೆಟ್ ಜೊತೆಗಿನ ಪ್ರೇಮಕ್ಕೂ ಅಡ್ಡ ಬಂದಾಗ ಹುಡುಗ ತಡೆದುಕೊಳ್ಳುವುದಿಲ್ಲ. ಮೇಷ್ಟ್ರಾಗಿ ಅಶ್ವತ್ಥ್ ಅವರ ಮೆತ್ತನೆ ದನಿ, ಎದುರಿಗೆ ರಾಮಾಚಾರಿಯಾಗಿ ವಿಷ್ಣುವರ್ಧನ್ ಕೆಂಡದಂಥ ಕಣ್ಣು. ಸಾಕು.

ಸುಮ್ನೆ ಓದುಗ:
ತರಾಸು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ ಇದು, ಅದಕ್ಕೇ ಕಥೆ ಅಲ್ಲಲ್ಲಿ ಹೊರಳುತ್ತದೆ.

ಕಲ್ಲುಬಂಡೆ (ಚಿತ್ರದುರ್ಗ):
ಓಬವ್ವನ ಹಾಡು ತೆಗೆದರೆ ಕಥೆ ನಿಲ್ಲುವುದಿಲ್ಲ, ನಿಜ. ಆದರೆ ಜಯಂತಿ ಒನಕೆ ಎತ್ತಿದಾಗ ನಮ್ಮೂರಿನವರು ಸುಮ್ಮನೆ ಕೂರುತ್ತಾರಾ? ಶೈಲಿ ಅಂದರೆ ನನಗೆ ಆ ಬಂಡೆಗಳೇ. ಊರೊಳಗೆ ಯಾರಿಗೂ ಬೇಡವಾದ ಹುಡುಗ ಕೋಟೆ ಮೇಲೆ ಹತ್ತಿದರೆ ರಾಜನ ಹಾಗೆ ಕಾಣುತ್ತಾನೆ. ಸ್ಲೋ ಮೋಷನ್ ಹಾಡು ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ, ಬೈಯಬೇಡಿ.