ಜಿನ್ ಬಾಯಾಗ ಜವಾರಿ ಕನ್ನಡ ಇಡಬಹುದೇನ್ರಿ?

ಇಂಡಿ ಲಿಂಬಿ
ವಿಜಯಪುರದಾಗ ಬಿ.ಎಡ್. ಮಾಡಾಕತ್ತೀನ್ರಿ. ಹರೇದ ಹುಡುಗ್ರಿಗಂತ ಒಂದು ಮಾಯಾ ಕಾದಂಬರಿ ಬರ್ಯಾಕತ್ತು ಎರಡು ವರ್ಷ ಆತು. ಅರಬರ ನಾಡಿನಂಥಾ ಊರು, ಹದಿನೇಳು ವರ್ಷದ ಹುಡುಗಿ, ಅಕಿ ಹಾಡು ಕಟ್ಟಿದ್ರ ಜಿನ್ ಬರತೈತಿ. ಇದು ನನ್ನ ತಲಿಯಾಗ ಹುಟ್ಟಿದ್ದಲ್ಲ. ಕವಿಗೆ ಪದ ಹೇಳಿಕೊಡೋದು ಜಿನ್ ಅಂತ ಹಳೇ ಅರಬರು ನಂಬಿದ್ರು. ಅಬ್ಕರ್ ಅನ್ನೋ ಜಿನ್‌ಗಳ ಕಣಿವಿ ಹೆಸರಿಂದನ 'ಅಬ್ಕರಿ' ಅನ್ನೋ ಮಾತು ಬಂತು. ಮಹಾ ಪ್ರತಿಭಾವಂತಗ ಅರಬಿಯಾಗ ಇವತ್ತಿಗೂ ಹಂಗಂತಾರ.

ನನ್ನ ಗೆಳತಿ ಓದಿ, "30 ಪುಟದಾಗ 11 ಸಲ ಮರಳು, 9 ಸಲ ಒಂಟಿ" ಅಂತ ಎಣಿಸಿ ತೋರಿಸಿದ್ಳು. ಖರೇನ, ನಾ ಮರಳುಗಾಡು ಕಂಡಕಿ ಅಲ್ಲ. ಇನ್ನ ಜಿನ್ ನಮ್ಮ ಮಾತಾಡಿದ್ರ ನಗತಾರಂತ ಅಂಜಿಕಿ. ಪುಸ್ತಕದ ಕನ್ನಡ ಇಟ್ರ ತಹಶೀಲ್ದಾರ್ ಕಚೇರಿ ನೋಟೀಸ್ ಓದಿದಂಗ ಕೇಳತೈತಿ.

ಟ್ರಕ್ ಮಾಮಾ
ತಂಗಿ, ಒಮಾನದಾಗ ಒಂಬತ್ತು ವರ್ಷ ಗಾಡಿ ಹೊಡದೀನಿ. ಮರಳು ಬಿಡು, ಅಲ್ಲೀ ಸಲಾಲಾ ಅನ್ನೋ ಊರಿನ ಬಗ್ಗೆ ಬರಿ. ಜೂನ್ ಕಡೀಕ ಶುರುವಾಗಿ ಸೆಪ್ಟೆಂಬರ್ ತನಕ ಮುಂಗಾರು ಗಾಳಿ ಅಲ್ಲೀ ಗುಡ್ಡಕ್ಕೂ ಬಡಿತೈತಿ. ಮಂಜು, ಜಿಟಿಜಿಟಿ ಮಳಿ, ಎಲ್ಲಾ ಹಸರ. ಅದಕ್ಕ ಖರೀಫ್ ಅಂತಾರ, ನಮ್ಮ ಕೃಷಿ ಇಲಾಖೆಯವರು ಅನ್ನೋ ಪದನ. ಗುಡ್ಡದ ಆಚೀಕ ಒಣಾ ನೆಲದಾಗ ಲೋಬಾನದ ಗಿಡ ಅದಾವ. ತೊಗಟಿ ಕೆತ್ತಿದ್ರ ಹಾಲಿನಂಥಾ ಅಂಟು ಸೋರತೈತಿ, ಒಣಗಿದ ಮ್ಯಾಲೆ ಕೆರಕೋತಾರ. ಕಾಫಿ ಬಟ್ಟಲಕ್ಕ ಹಿಡಿಕಿ ಇರಂಗಿಲ್ಲ. ಸಾಕಂದ್ರ ಬಟ್ಟಲ ಅಲ್ಲಾಡಸಬೇಕು. ನನಗ ಗೊತ್ತಿಲ್ದ ಮೊದಲ ದಿನ ಏಳು ಬಟ್ಟಲ ಕುಡದು ರಾತ್ರಿಯೆಲ್ಲಾ ಗಡಿಯಾರ ನೋಡೀನಿ.

ಜೋರಾಪುರ ಪೇಟಿ ಅಕ್ಕ
ನಮ್ಮನ್ಯಾಗ ಜಿನ್ ಅಂದ್ರ ದೀಪದಿಂದೆದ್ದು ವರ ಕೊಡೋ ಆಳಲ್ಲವಾ. ಹೊಗಿ ಇಲ್ಲದ ಬೆಂಕಿಯಿಂದ ಆದವ್ರು ಅಂತ ಕುರಾನ್‌ನಾಗ ಐತಿ. ಅವರಾಗೂ ಒಳ್ಳೇವ್ರು, ಕೆಟ್ಟವ್ರು ಅದಾರ. ಸಂಜಿಮುಂದ ಬಚ್ಚಲಕ್ಕ ಕುದಿಯೋ ನೀರು ಚೆಲ್ಲೋಕಿಂತ ಮೊದಲ ನಮ್ಮಜ್ಜಿ "ಬಿಸ್ಮಿಲ್ಲಾ" ಅಂತಿದ್ಳು, ಅಲ್ಲಿ ಅವರ ಕೂಸು ಮಲಗಿದ್ದೀತು ಅಂತ. ನಿನ್ನ ಜಿನ್‌ಗೂ ಅಳಿಯ, ಸಾಲ, ಮಂಡಿನೋವು ಕೊಡು. ಇನ್ನೊಂದು: ಹುಡುಗಿ ಮುಸುಕು ಹರದೊಗದು ಓಡಿಹೋಗೋ ಕಥಿ ಬ್ಯಾಡ, ಓದಿ ಓದಿ ಸಾಕಾಗೈತಿ. ಏಳನೇ ಶತಮಾನದಾಗನ ಅಲ್-ಖನ್ಸಾ ಅನ್ನೋ ಹೆಣ್ಣುಮಗಳು ಸತ್ತ ಅಣ್ತಮ್ಮರ ಮ್ಯಾಲೆ ಶೋಕಗೀತ ಕಟ್ಟಿ ಹೆಸರಾದ್ಳು. ಅಕೀನ್ನ ಓದು.

ನಿವೃತ್ತ ಮಾಸ್ತರ, ಸಿಂದಗಿ
ಮೊಹರಂನಾಗ ರಿವಾಯತ ಪದ ಕೇಳಿಲ್ಲೇನವಾ? 680ರ ಕರ್ಬಲಾ ಕಾಳಗ, ಅಲ್ಲಿ ಮಡಿದ ಪ್ರವಾದಿ ಮೊಮ್ಮಗ ಹುಸೇನರು, ನೀರಡಿಸಿದ ಕೂಸು, ಎಲ್ಲಾ ನಮ್ಮ ಜವಾರಿ ಕನ್ನಡದಾಗ. ಹಾಡೋ ಮ್ಯಾಳದಾಗ ಲಿಂಗಾಯತರೂ ಇರತಾರ, ಕುರುಬರೂ ಇರತಾರ. ಕೇಳಿ ಅತ್ತವರನ್ನ ನೋಡೀನಿ, ನಕ್ಕವರನ್ನ ಕಂಡಿಲ್ಲ. ಮತ್ತ ನೀ ಬೈದ ಆ ಕಚೇರಿ ಮಾತು ಐತಲ್ಲ? ಅರ್ಜಿ, ಹಕ್ಕು, ತಕರಾರು, ರೈತ, ಎಲ್ಲಾ ಅರಬಿ ಬೇರಿನವು. ನಿನ್ನ ಜಿನ್ ತಕರಾರು ಅರ್ಜಿ ಹಾಕಿದ್ರ ಅದಕ್ಕ ತವರುಮನಿ ಮಾತ ಆಡಿದಂಗ.

ಇಂಡಿ ಲಿಂಬಿ
ಒಂಟಿ ಎರಡಕ್ಕ ಇಳಿಸೀನ್ರಿ. ಜಿನ್‌ಗೆ ಮಂಡಿನೋವು ಬಂದೈತಿ. ಮಾಮಾ, ಲೋಬಾನದ ಗಿಡ ಹುಡುಗಿ ಏರಿ ಕುಂದರೂವಷ್ಟು ಎತ್ತರ ಐತೇನು?

ಟ್ರಕ್ ಮಾಮಾ
ಏರೋ ಗಿಡಲ್ಲ ಅದು, ಬುಡದಿಂದನ ಟೊಂಗಿ ಒಡದಿರತೈತಿ. ಆದ್ರ ತೊಗಟಿ ಕಾಗದದಂಗ ಸುಲೀತೈತಿ. ಅದರ ಮ್ಯಾಲೆ ಬರೀಲಿ ಬಿಡು.